ಈ ವರ್ಷ ಯಾರು ಯಾವ ಮೇಳದಲ್ಲಿ?

ಚೌತಿ ಕಳೆದು ನವರಾತ್ರಿ ಹತ್ತಿರವಾಗುತ್ತಿದ್ದಂತೆ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಜಗಲಿಗಳಲ್ಲಿ, ಚಹಾದಂಗಡಿಗಳಲ್ಲಿ ಒಂದು ವಿಚಾರಣೆ ಶುರುವಾಗುತ್ತದೆ. ಈ ಸಲ ಯಾರು ಯಾವ ಮೇಳಕ್ಕೆ? ಎರಡನೇ ವೇಷಕ್ಕೆ ಯಾರು ಬಂದರು, ಭಾಗವತರು ಅವರೇ ಉಳಿದರೋ ಬಿಟ್ಟರೋ, ಸ್ತ್ರೀವೇಷದವರು ಎಲ್ಲಿಗೆ ಹೋದರು? ದೀಪಾವಳಿಯ ಆಚೀಚೆ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಕಲಾವಿದರ ಪಟ್ಟಿ ಗಟ್ಟಿಯಾಗುತ್ತದೆ. ಮೇ ತಿಂಗಳ ಕೊನೆಗೆ ಮೇಳ ಒಳಗೆ ಸೇರುವವರೆಗೂ ಆ ಪಟ್ಟಿಯ ಬಗ್ಗೆ ಚರ್ಚೆ ನಿಲ್ಲುವುದಿಲ್ಲ. ಓದುಗರಿಂದ ಈ ಅಂಕಣಕ್ಕೆ ಮತ್ತೆ ಮತ್ತೆ ಬರುವ ಪ್ರಶ್ನೆ ಅದರ ಮುಂದಿನದು: ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಬದಲಾದ ಮೇಲೂ ಅದು ಅದೇ ಮೇಳ ಅನ್ನುವುದು ಹೇಗೆ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಹೊನ್ನಾವರದಿಂದ ಭಟ್ಕಳದ ಕಡೆ ಹೆದ್ದಾರಿ ಹಿಡಿದರೆ ಗುಣವಂತೆ ಸಿಗುತ್ತದೆ. ಶಂಭುಲಿಂಗ ದೇವಸ್ಥಾನದ ಆ ಊರಿನಲ್ಲಿ ಕೆರೆಮನೆಯವರ ಮನೆ ಇದೆ, ಅವರ ಯಕ್ಷಗಾನ ಶಾಲೆ ಇದೆ, ‘ಯಕ್ಷಾಂಗಣ’ ಎಂಬ ರಂಗಮಂದಿರ ಇದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ತೊಂಬತ್ತು ವರ್ಷ ದಾಟಿದೆ. ಮೊದಲ ದಿನ ಅದರಲ್ಲಿ ವೇಷ ಕಟ್ಟಿದವರಲ್ಲಿ ಒಬ್ಬರೂ ಇಂದಿಲ್ಲ. ಎರಡನೇ ತಲೆಮಾರಿನ ಹಿರಿಯರೂ ಹೋದರು. ಆದರೂ ಕರಾವಳಿಯ ಯಾವ ಊರಿನಲ್ಲಿ ಆ ಮೇಳದ ಆಟ ನಡೆದರೂ ಹತ್ತು ನಿಮಿಷದಲ್ಲಿ ಪ್ರೇಕ್ಷಕರು ಇದು ಕೆರೆಮನೆಯವರ ಆಟ ಎಂದು ಗುರುತಿಸುತ್ತಾರೆ.

ಒಬ್ಬ ಕಲಾವಿದ ಹೋಗಿ ಇನ್ನೊಬ್ಬ ಬಂದರೆ ಏನಾಗುತ್ತದೆ ಎಂಬುದು ಮೊದಲು ತಿಳಿಯಬೇಕು. ನಾಟಕದ ಕಂಪನಿಯಲ್ಲಿ ಪಾತ್ರಧಾರಿ ಬದಲಾದರೂ ಮಾತು ಬದಲಾಗುವುದಿಲ್ಲ, ಬರೆದಿಟ್ಟದ್ದು ಅಲ್ಲೇ ಇರುತ್ತದೆ. ಯಕ್ಷಗಾನದಲ್ಲಿ ಬರೆದಿಟ್ಟದ್ದು ಪದ್ಯ ಮಾತ್ರ. ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಮೇಲೆ ವೇಷಧಾರಿ ಹೇಳುವ ಅರ್ಥ ಆ ರಾತ್ರಿ ಅಲ್ಲೇ ಹುಟ್ಟಬೇಕು. ‘ಕೃಷ್ಣಸಂಧಾನ’ದಲ್ಲಿ ಕೌರವ ಒಂದು ಹೊಸ ಪ್ರಶ್ನೆ ಎಸೆದರೆ ಕೃಷ್ಣ ಅದನ್ನು ಹಿಡಿದು, ತಿರುಗಿಸಿ, ಪ್ರಸಂಗದ ದಾರಿಗೆ ತರಬೇಕು. ವರ್ಷಗಟ್ಟಲೆ ಎದುರುಬದುರು ನಿಂತವರಿಗೆ ಎದುರಾಳಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವ ಮಾತಿಗೆ ಕೆರಳುತ್ತಾನೆ, ಎಲ್ಲಿ ಬಿಟ್ಟುಕೊಡುತ್ತಾನೆ ಎಂಬುದು ಗೊತ್ತಿರುತ್ತದೆ. ಹೊಸಬರು ಬಂದಾಗ ಆ ತಿಳಿವಳಿಕೆ ಮೊದಲಿನಿಂದ ಬೆಳೆಯಬೇಕು.

ರಂಗಸ್ಥಳದ ಅಂಚಿನಲ್ಲಿ ಕುಳಿತು ಒಂದು ಗಳಿಗೆ ಗಮನಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ವೇಷಧಾರಿಯ ಮಾತು ಮುಗಿಯುತ್ತಾ ಬಂದಿದೆ. ಹಿಂದೆ ಕುಳಿತ ಭಾಗವತರ ಕೈಯಲ್ಲಿ ತಾಳ ಸಿದ್ಧವಾಗಿದೆ, ಕಿವಿ ಪೂರ್ತಿ ಆ ಮಾತಿನ ಮೇಲಿದೆ. ಮದ್ದಳೆಯವರ ಬೆರಳು ಮುಚ್ಚಿಗೆಯ ಮೇಲೆ ಇಳಿದಿದೆ, ಇನ್ನೂ ನುಡಿದಿಲ್ಲ. ವೇಷಧಾರಿ ಮುಂದಿನ ಪದ್ಯಕ್ಕೆ ಸರಿಯಾದ ಎತ್ತುಗಡೆ ಕೊಡುತ್ತಾನೆ. ಮಾತಿನ ಕೊನೆಯ ಸ್ವರ ಆರುವ ಮೊದಲೇ ಭಾಗವತರ ಪದ್ಯ ಮೇಲೇಳುತ್ತದೆ. ಹೊಂದಿಕೊಂಡ ಜೋಡಿಯಲ್ಲಿ ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಹೊಂದಿಕೆ ಇಲ್ಲದಿದ್ದರೆ ನಡುವೆ ಒಂದು ಸಣ್ಣ ಖಾಲಿ ಬೀಳುತ್ತದೆ. ವೇಷಧಾರಿ ಭಾಗವತರತ್ತ ಅರೆಗಣ್ಣಿನಲ್ಲಿ ನೋಡುತ್ತಾನೆ. ಹಳೆಯ ಪ್ರೇಕ್ಷಕರಿಗೆ ಅಷ್ಟು ಸಾಕು, ಇವರು ಈ ವರ್ಷ ಹೊಸದಾಗಿ ಕೂಡಿದವರು ಎಂದು ಅಲ್ಲೇ ತಿಳಿಯುತ್ತದೆ.

ಚೌಕಿಯಲ್ಲೂ ಬದಲಾವಣೆಯ ಗುರುತು ಸಿಗುತ್ತದೆ. ಗಣಪತಿಯ ಮುಂದೆ ದೀಪ, ಎರಡು ಸಾಲಿನಲ್ಲಿ ಕಲಾವಿದರು, ಅವರವರ ಸ್ಥಾನಕ್ಕೆ ತಕ್ಕ ಜಾಗ. ಎರಡನೇ ವೇಷದವರು ಕೂರುವ ಕಡೆ ಬಾಲಗೋಪಾಲರ ಹುಡುಗರು ಕೂರುವುದಿಲ್ಲ. ಹೊಸ ಹೆಸರು ಬಂದಾಗ ಆ ಸಾಲು ಸರಿಯುತ್ತದೆ. ನಿನ್ನೆಯವರೆಗೆ ಮೂರನೇ ಸ್ಥಾನದಲ್ಲಿದ್ದವರು ಮೇಲೇರಬಹುದು, ಮೇಲಿದ್ದವರು ಬೇರೆ ಮೇಳಕ್ಕೆ ಹೊರಡಬಹುದು. ಮೇಳ ಬಿಡುವ ಕಾರಣಗಳು ಸಂಬಳ ಮತ್ತು ಮುಂಗಡಕ್ಕೆ ಮುಗಿಯುವುದಿಲ್ಲ. ಯಾವ ಪಾತ್ರ ಸಿಗುತ್ತದೆ, ಯಾವ ಭಾಗವತರ ಪದ್ಯಕ್ಕೆ ಕುಣಿಯಬೇಕು, ಮನೆಗೆ ಎಷ್ಟು ದೂರ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆರು ತಿಂಗಳು ರಾತ್ರಿ ಆಟ, ಹಗಲು ಪ್ರಯಾಣ. ಅಂಥ ಬದುಕಿನಲ್ಲಿ ಚೌಕಿಯ ನೆಮ್ಮದಿಯೂ ಒಂದು ಸಂಬಳ.

ಕೆರೆಮನೆಯ ಕಥೆಗೆ ಬಂದರೆ, ಶಿವರಾಮ ಹೆಗಡೆ (1908–1992) ಮೇಳ ಕಟ್ಟಿದ ಕಾಲಕ್ಕೆ ಈ ಭಾಗದಲ್ಲಿ ಮನೆತನದ ಮೇಳ ಹೊಸದೇನೂ ಆಗಿರಲಿಲ್ಲ. ಹೊನ್ನಾವರದ ಉತ್ತರಕ್ಕಿರುವ ಕರ್ಕಿಯಲ್ಲಿ ಹಾಸ್ಯಗಾರ ಮನೆತನದವರ ಮೇಳ ಅದಕ್ಕೂ ಮೊದಲೇ ಹೆಸರು ಮಾಡಿತ್ತು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿ ಮರಾಠಿ ರಂಗಭೂಮಿಗೆ ದಾರಿ ತೆರೆದದ್ದಕ್ಕೆ ಕನ್ನಡ ಸೀಮೆಯಿಂದ ಹೋದ ಭಾಗವತರ ಆಟವೇ ಪ್ರೇರಣೆ. ಆ ತಂಡ ಕರ್ಕಿಯದು ಎನ್ನುವ ವಿದ್ವಾಂಸರೂ ಇದ್ದಾರೆ. ಅಂದರೆ ಒಂದು ಮನೆ ಮೇಳವನ್ನು ಹೊತ್ತುಕೊಂಡು ದೇಶ ಸುತ್ತುವ ರೂಢಿ ಈ ಮಣ್ಣಿನಲ್ಲಿ ಮೊದಲೇ ಇತ್ತು. ಶಿವರಾಮ ಹೆಗಡೆ ಅದಕ್ಕೆ ಶಿಸ್ತು ಕೊಟ್ಟರು. ವೇಷದ ಅಚ್ಚುಕಟ್ಟು, ಮಾತಿನ ಹದ, ಪಾತ್ರದ ಗೌರವ ಇವು ಅವರ ಕಾಲದಿಂದಲೇ ಮೇಳದ ಗುಣಗಳಾದವು. ಅವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಬಂತು.

ಅವರ ಮಗ ಶಂಭು ಹೆಗಡೆ (1938–2009) ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದವರು. 1973ರಲ್ಲಿ ಮೇಳದ ಹೊಣೆ ಅವರ ಕೈಗೆ ಬಂತು. ಆ ಕಾಲದ ಬಲ ನೋಡಿದರೆ ಇಂದಿಗೂ ಆಸೆಯಾಗುತ್ತದೆ. ಮುಖ್ಯ ವೇಷಕ್ಕೆ ಶಂಭು ಹೆಗಡೆ ಮತ್ತು ಕೆರೆಮನೆ ಮಹಾಬಲ ಹೆಗಡೆ, ಸ್ತ್ರೀವೇಷಕ್ಕೆ ಕೆರೆಮನೆ ಗಜಾನನ ಹೆಗಡೆ, ಭಾಗವತಿಕೆಗೆ ನೆಬ್ಬೂರು ನಾರಾಯಣ ಭಾಗವತರು. ಮಹಾಬಲ ಹೆಗಡೆಯವರ ಸಂಗೀತಜ್ಞಾನ, ಗಜಾನನ ಹೆಗಡೆಯವರ ಸಂಯಮದ ಹೆಣ್ಣು ಪಾತ್ರಗಳು, ನೆಬ್ಬೂರರ ಪದ್ಯ, ಶಂಭು ಹೆಗಡೆಯವರ ಅಭಿನಯ ಇವೆಲ್ಲ ಒಂದೇ ರಂಗಸ್ಥಳದಲ್ಲಿ ಕೂಡುತ್ತಿದ್ದವು. ಟಿಕೆಟ್ ಇಟ್ಟು ಡೇರೆಯಲ್ಲಿ ಆಟ ಆಡುವ ವೃತ್ತಿಮೇಳವಾಗಿಯೂ ಇಡಗುಂಜಿ ಮೇಳ ತಿರುಗಾಟ ಮಾಡಿತು.

ಡೇರೆ ಮೇಳದ ಲೆಕ್ಕಾಚಾರವೇ ಬೇರೆ. ಗೇಟಿನಲ್ಲಿ ಬಿದ್ದ ಹಣದಲ್ಲಿ ಆ ರಾತ್ರಿಯ ಖರ್ಚು ಹುಟ್ಟಬೇಕು. ಜನ ಬರಬೇಕಾದರೆ ಹೆಸರು ಬೇಕು, ಹೊಸ ಪ್ರಸಂಗ ಬೇಕು. ಎಂಬತ್ತರ ದಶಕದ ಹೊತ್ತಿಗೆ ಸಾಮಾಜಿಕ ಕಥೆಯ ಹೊಸ ಪ್ರಸಂಗಗಳು ಡೇರೆ ತುಂಬಿಸುತ್ತಿದ್ದವು. ಶಂಭು ಹೆಗಡೆ ಆ ದಾರಿ ಹಿಡಿಯಲಿಲ್ಲ. ಪೌರಾಣಿಕ ಪ್ರಸಂಗಗಳನ್ನೇ ನೆಚ್ಚಿಕೊಂಡು, ಇಡೀ ರಾತ್ರಿಯ ಆಟವನ್ನು ಬಿಗಿ ಮಾಡಿ ಕೆಲವೇ ಗಂಟೆಯ ಕಾಲಮಿತಿಗೆ ತಂದರು. ದೇಶದ ದೊಡ್ಡ ನೃತ್ಯೋತ್ಸವಗಳಿಗೂ ವಿದೇಶಕ್ಕೂ ಮೇಳವನ್ನು ಕರೆದೊಯ್ದರು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರ ತೆರೆದರು.

ಮೇಳದ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಈ ಶಾಲೆಯೇ ಎಂಬುದು ಈ ಅಂಕಣದ ಅಭಿಪ್ರಾಯ. ಒಬ್ಬ ಹಿರಿಯ ಕಲಾವಿದ ಹೋದಾಗ ಬೇರೆ ಮೇಳಗಳು ಇನ್ನೊಂದು ಮೇಳದ ಹೆಸರುವಾಸಿಯನ್ನು ಹುಡುಕುತ್ತವೆ. ಶಾಲೆ ಇರುವ ಮೇಳ ತನ್ನ ಹುಡುಗನನ್ನೇ ಒಂದು ಸ್ಥಾನ ಮೇಲೇರಿಸಬಹುದು. ಅವನಿಗೆ ಮೇಳದ ಹೆಜ್ಜೆ ಗೊತ್ತು, ಭಾಗವತರ ಮನೋಧರ್ಮ ಗೊತ್ತು, ಚೌಕಿಯ ಶಿಸ್ತು ಗೊತ್ತು. ಕೇದಗೆ ಮುಂದಲೆಯನ್ನು ಪ್ರತಿ ರಾತ್ರಿ ಬಟ್ಟೆ ಸುತ್ತಿ, ಜರಿ ಎಳೆದು ಹೊಸದಾಗಿಯೇ ಕಟ್ಟಿಕೊಳ್ಳಬೇಕು. ಸಿದ್ಧವಾಗಿ ಪೆಟ್ಟಿಗೆಯಿಂದ ತೆಗೆದಿಡುವ ಕಿರೀಟ ಅದಲ್ಲ. ಆ ಕಟ್ಟುವ ಕೈಚಳಕ ಹಿರಿಯರ ಪಕ್ಕ ಕುಳಿತು ಕಲಿಯಬೇಕಾದ್ದು. ಗುಣವಂತೆಯ ಹುಡುಗರು ಕಲಿತದ್ದು ಅದನ್ನೂ ಸೇರಿಸಿಯೇ.

ಆ ಶಾಲೆಯ ಬೆಲೆ 2009ರಲ್ಲಿ ಗೊತ್ತಾಯಿತು. ಫೆಬ್ರವರಿ ಮೊದಲ ವಾರ, ಇಡಗುಂಜಿಯ ರಥೋತ್ಸವದ ರಾತ್ರಿ ‘ಲವಕುಶ’ದ ರಾಮನ ಪಾತ್ರ ಮಾಡಿದ ಬೆನ್ನಿಗೇ ಶಂಭು ಹೆಗಡೆ ತೀರಿಕೊಂಡರು. ಅದೇ ವರ್ಷ ಮಹಾಬಲ ಹೆಗಡೆಯವರೂ ಹೋದರು. ಒಂದೇ ವರ್ಷದಲ್ಲಿ ಎರಡು ಹಿರಿಯ ಹೆಸರು ಕಳಚಿದ ಮೇಳ ಸಾಮಾನ್ಯವಾಗಿ ಉಳಿಯುವುದು ಕಷ್ಟ. ಶಂಭು ಹೆಗಡೆಯವರ ಮಗ ಶಿವಾನಂದ ಹೆಗಡೆ ಮೇಳವನ್ನು ಮುನ್ನಡೆಸಿದರು. ತಂದೆಯ ಹೆಸರಿನಲ್ಲಿ ಗುಣವಂತೆಯಲ್ಲಿ ರಾಷ್ಟ್ರೀಯ ನಾಟ್ಯೋತ್ಸವ ನಡೆಸುತ್ತಾ ದೇಶದ ಬೇರೆ ಬೇರೆ ಪ್ರಕಾರಗಳ ಕಲಾವಿದರನ್ನು ಆ ಹಳ್ಳಿಗೆ ಕರೆಸಿದರು. 2019ರಲ್ಲಿ ನೆಬ್ಬೂರು ನಾರಾಯಣ ಭಾಗವತರೂ ತೀರಿಕೊಂಡಾಗ ಹಳೆಯ ತಂಡದ ಕೊನೆಯ ದೊಡ್ಡ ಸ್ವರ ನಿಂತಿತು. ಈಗ ನಾಲ್ಕನೇ ತಲೆಮಾರಿನ ಶ್ರೀಧರ ಹೆಗಡೆ ರಂಗದಲ್ಲಿದ್ದಾರೆ. 2024ರಲ್ಲಿ ಯುನೆಸ್ಕೊ ಈ ಮಂಡಳಿಗೆ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಕ್ಷೇತ್ರದ ಸಂಸ್ಥೆಯಾಗಿ ಮಾನ್ಯತೆ ಕೊಟ್ಟಿತು.

ಇದಕ್ಕೆ ಎದುರಾಗಿ ನಿಲ್ಲುವ ಜೀವನ ಅದೇ ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರದು (1933–2017). ಚಿಟ್ಟಾಣಿ ಒಂದು ಮೇಳದ ಕಲಾವಿದರಾಗಿ ಉಳಿಯಲಿಲ್ಲ. ಹರಕೆ ಆಟಗಳಿಗೆ ಹೆಸರಾದ ಗುಂಡಬಾಳದಲ್ಲಿ ಎಳೆಯ ವಯಸ್ಸಿನಲ್ಲೇ ಗೆಜ್ಜೆ ಕಟ್ಟಿದರು. ಮುಂದೆ ಕೋಟದ ಅಮೃತೇಶ್ವರಿ ಮೇಳ, ಪೆರ್ಡೂರು ಮೇಳ, ಗೇರುಸೊಪ್ಪೆಯ ಬಂಗಾರಮಕ್ಕಿ ಮೇಳ ಹೀಗೆ ಹಲವು ಕಡೆ ತಿರುಗಾಟ ಮಾಡಿದರು. ಭಸ್ಮಾಸುರ, ಕೀಚಕ, ಕೌರವ, ದುಷ್ಟಬುದ್ಧಿ ಯಾವ ಮೇಳದಲ್ಲಿ ಆದರೂ ಆ ಪಾತ್ರ ಚಿಟ್ಟಾಣಿಯದೇ. ಅವರು ಸೇರಿದ ಮೇಳಕ್ಕೆ ಆ ವರ್ಷ ಜನ ಸೇರುತ್ತಿದ್ದರು, ಬಿಟ್ಟ ಮೇಳಕ್ಕೆ ಮರುವರ್ಷ ಕಷ್ಟ. 2012ರಲ್ಲಿ ಪದ್ಮಶ್ರೀ ಬಂದಾಗ ಯಕ್ಷಗಾನ ಕಲಾವಿದರೊಬ್ಬರಿಗೆ ಅದು ಮೊದಲನೆಯದು.

ಚಿಟ್ಟಾಣಿ ಮೇಳ ಬದಲಿಸಿದ್ದರಿಂದ ಯಕ್ಷಗಾನ ಕಳೆದುಕೊಂಡದ್ದಕ್ಕಿಂತ ಪಡೆದದ್ದು ಹೆಚ್ಚು. ಅವರ ಹೆಜ್ಜೆ, ಕಣ್ಣಿನ ಅಭಿನಯ, ಪಾತ್ರಕ್ಕೆ ತುಂಬುತ್ತಿದ್ದ ಶೃಂಗಾರ ಹೋದಲ್ಲೆಲ್ಲ ಕಿರಿಯರಿಗೆ ಅಂಟಿತು. ಅವರ ಮಕ್ಕಳಲ್ಲದೆ ಅವರ ಎದುರು ವೇಷ ಮಾಡಿದ ಅನೇಕರೂ ಇಂದು ಆ ಶೈಲಿಯನ್ನು ಹೊತ್ತಿದ್ದಾರೆ. ಕೆರೆಮನೆಯಲ್ಲಿ ಶೈಲಿ ಒಂದು ಮೇಳದೊಳಗೆ ಆಳವಾಗಿ ಇಳಿಯಿತು, ಚಿಟ್ಟಾಣಿಯವರಲ್ಲಿ ಅದು ಮೇಳದಿಂದ ಮೇಳಕ್ಕೆ ಹರಡಿತು. ಒಂದೇ ತಾಲೂಕು ಈ ಎರಡೂ ಮಾದರಿಗಳನ್ನು ಒಂದೇ ಕಾಲಕ್ಕೆ ಬೆಳೆಸಿದ್ದು ಹೊನ್ನಾವರದ ಪುಣ್ಯ.

ಬೆಂಗಳೂರಿನಲ್ಲಿ, ಅಮೆರಿಕದಲ್ಲಿ ಓದುತ್ತಿರುವ ಈ ಕರಾವಳಿಯ ಮಕ್ಕಳು ಕೇಳುವ ರಾಕ್ ಬ್ಯಾಂಡುಗಳಲ್ಲೂ ಈ ಚರ್ಚೆ ಇದ್ದೇ ಇದೆ. ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್ ಎಂಬ ಕಡಲೂರಿನಲ್ಲಿ 1976ರಲ್ಲಿ ಗಿಟಾರ್ ವಾದಕ ಗ್ರೆಗ್ ಗಿನ್ ಕಟ್ಟಿದ ಬ್ಲ್ಯಾಕ್ ಫ್ಲ್ಯಾಗ್ ಎಂಬ ಹಾರ್ಡ್‌ಕೋರ್ ಬ್ಯಾಂಡ್ ಹತ್ತು ವರ್ಷದಲ್ಲಿ ನಾಲ್ವರು ಮುಖ್ಯ ಗಾಯಕರನ್ನು ಕಂಡಿತು: ಕೀತ್ ಮಾರಿಸ್, ರಾನ್ ರೆಯೆಸ್, ಡೆಜ್ ಕಡೆನಾ, ಕೊನೆಗೆ ಹೆನ್ರಿ ರಾಲಿನ್ಸ್. ರಾಲಿನ್ಸ್ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಭಿಮಾನಿ. 1981ರಲ್ಲಿ ನ್ಯೂಯಾರ್ಕಿನ ಕಾರ್ಯಕ್ರಮವೊಂದರಲ್ಲಿ ಪ್ರೇಕ್ಷಕರ ನಡುವಿನಿಂದ ವೇದಿಕೆ ಹತ್ತಿ ಒಂದು ಹಾಡು ಹಾಡಿದ, ಸ್ವಲ್ಪ ದಿನದಲ್ಲೇ ಬ್ಯಾಂಡಿನ ಗಾಯಕನಾದ. ಗಾಯಕರು ಎಷ್ಟು ಸಲ ಬದಲಾದರೂ ಅಭ್ಯಾಸದ ಕಠಿಣ ಶಿಸ್ತು ಮತ್ತು ಗಿನ್ ಅವರ ಗಿಟಾರ್ ಬದಲಾಗಲಿಲ್ಲ. 1986ರಲ್ಲಿ ಬ್ಯಾಂಡ್ ನಿಂತಿತು. 2013ರಲ್ಲಿ ಗಿನ್ ಅದೇ ಹೆಸರಿನಲ್ಲಿ ಮತ್ತೆ ತಂಡ ಕಟ್ಟಿದರೆ, ಹಳೆಯ ಸದಸ್ಯರು ಸೇರಿ ‘ಫ್ಲ್ಯಾಗ್’ ಎಂಬ ಹೆಸರಿನಲ್ಲಿ ಹಳೆಯ ಹಾಡುಗಳನ್ನು ಹಾಡಲು ಹೊರಟರು. ಹೆಸರು ಯಾರದು ಎಂಬ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತು.

ನಮ್ಮ ಮೇಳಗಳು ಹೆಸರಿಟ್ಟುಕೊಂಡ ರೀತಿಯಲ್ಲಿ ಈ ಜಗಳಕ್ಕೆ ಜಾಗ ಕಡಿಮೆ. ಮೇಳದ ಹೆಸರು ದೇವರದು: ಇಡಗುಂಜಿಯ ಮಹಾಗಣಪತಿ, ಪೆರ್ಡೂರಿನ ಅನಂತಪದ್ಮನಾಭ, ಸಾಲಿಗ್ರಾಮದ ಗುರುನರಸಿಂಹನ ಸನ್ನಿಧಿಯ ಗುರುಪ್ರಸಾದಿತ ಮೇಳ. ಕಲಾವಿದನ ಹೆಸರಿನೊಂದಿಗೆ ಹೋಗುವುದು ಅವನ ಊರು: ಚಿಟ್ಟಾಣಿ, ಜಲವಳ್ಳಿ, ಬಳ್ಕೂರು, ಮೂರೂರು. ಯಜಮಾನ ಬದಲಾದರೂ ಮೇಳ ದೇವರ ಹೆಸರಿನಲ್ಲಿ ಮುಂದುವರಿಯುತ್ತದೆ. ಕಲಾವಿದ ಮೇಳ ಬಿಟ್ಟರೂ ಊರಿನ ಹೆಸರು ಅವನೊಂದಿಗೇ ಹೋಗುತ್ತದೆ. ಜಲವಳ್ಳಿ ವೆಂಕಟೇಶ ರಾಯರ ಶನಿಯನ್ನು ನೋಡಿದವರು ಯಾವ ಮೇಳದಲ್ಲಿ ನೋಡಿದೆವು ಎಂಬುದನ್ನು ಮರೆತಿರಬಹುದು, ಜಲವಳ್ಳಿ ಎಂಬುದನ್ನು ಮರೆತಿಲ್ಲ.

ವೇಷಧಾರಿಗಳ ಬದಲಾವಣೆಯ ಬಗ್ಗೆ ಇಷ್ಟು ಮಾತಾಡುವ ನಾವು ಹಿಮ್ಮೇಳದ ಬದಲಾವಣೆಗೆ ಕೊಡುವ ಗಮನ ಸಾಲದು. ಮೇಳದ ಸ್ವಭಾವ ನಿಜಕ್ಕೂ ತಿರುಗುವುದು ಭಾಗವತರು ಬದಲಾದಾಗ. ಪ್ರಸಂಗದ ಓಟ, ಯಾರಿಗೆ ಎಷ್ಟು ಕುಣಿತ, ಎಲ್ಲಿ ಮಾತು ಮೊಟಕು ಎಂಬುದೆಲ್ಲ ಅವರ ಕೈಯ ತಾಳದಲ್ಲಿದೆ. ನಾರಣಪ್ಪ ಉಪ್ಪೂರರು ಅಮೃತೇಶ್ವರಿ ಮೇಳದ ಭಾಗವತರಾಗಿದ್ದಾಗ ಆ ಮೇಳದ ಘನತೆ ಅವರ ಸ್ವರದಲ್ಲಿತ್ತು. ಅವರು 1984ರಲ್ಲಿ ತೀರಿಕೊಂಡರು. ಅವರ ಶಿಷ್ಯ ಗುಂಡ್ಮಿ ಕಾಳಿಂಗ ನಾವಡರು ಸಾಲಿಗ್ರಾಮ ಮೇಳದಲ್ಲಿ ಭಾಗವತಿಕೆಯ ದಿಕ್ಕನ್ನೇ ಬದಲಿಸಿದರು, 1990ರ ಮೇ ತಿಂಗಳಲ್ಲಿ ಎಳೆಯ ಪ್ರಾಯದಲ್ಲೇ ಅಪಘಾತದಲ್ಲಿ ಹೋದರು. ಇವರಿಬ್ಬರೂ ಉಡುಪಿ ಕಡೆಯವರು. ಆದರೆ ಉಪ್ಪೂರರ ಇನ್ನೊಬ್ಬ ಶಿಷ್ಯ ಸುಬ್ರಹ್ಮಣ್ಯ ಧಾರೇಶ್ವರ ಕುಮಟಾ ತಾಲೂಕಿನ ಗೋಕರ್ಣದವರು. ಪೆರ್ಡೂರು ಮೇಳದಲ್ಲಿ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ನಿಂತು ಹಾಡಿದರು. ಆ ಅವಧಿಯಲ್ಲಿ ಪೆರ್ಡೂರಿನ ಎರಡನೇ ವೇಷಕ್ಕೆ ಯಾರ್ಯಾರೋ ಬಂದರು, ಹೋದರು. ಪ್ರೇಕ್ಷಕರಿಗೆ ಮೇಳ ಅದೇ ಅನ್ನಿಸಿದ್ದು ಧಾರೇಶ್ವರರ ಸ್ವರ ಅಲ್ಲಿದ್ದುದರಿಂದ. 2024ರ ಏಪ್ರಿಲಿನಲ್ಲಿ ಅವರೂ ತೀರಿಕೊಂಡರು.

ಆದ್ದರಿಂದ ಓದುಗರ ಪ್ರಶ್ನೆಗೆ ಈ ಅಂಕಣದ ಉತ್ತರ ಹೀಗಿದೆ. ಮುಂದೆ ಕುಣಿಯುವವರು ಎಷ್ಟೇ ಬದಲಾಗಲಿ, ಹಿಮ್ಮೇಳ ಸ್ಥಿರವಾಗಿದ್ದು ಕಿರಿಯರು ಅದೇ ಚೌಕಿಯಲ್ಲಿ ಕಲಿತು ಮೇಲೆ ಬಂದರೆ ಅದು ಅದೇ ಮೇಳ. ಭಾಗವತ, ಮದ್ದಳೆ, ಚಂಡೆ ಮೂರೂ ವರ್ಷಕ್ಕೊಮ್ಮೆ ತಿರುಗಿ, ಮುಂದಿನ ವೇಷಗಳು ಬೇರೆ ಬೇರೆ ಕಡೆಯಿಂದ ಕೂಡಿದರೆ, ಹೆಸರು ಮಾತ್ರ ಹಳೆಯದು, ಮೇಳ ಹೊಸದು.

ಮಳೆಗಾಲದ ಆಟಗಳಲ್ಲಿ ಇದನ್ನು ನೋಡಬಹುದು. ಮೇಳಗಳು ಒಳಗೆ ಸೇರಿದ ಮೇಲೆ ಸಭಾಭವನಗಳಲ್ಲಿ, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಹೆಸರುವಾಸಿಗಳನ್ನೆಲ್ಲ ಒಂದೇ ರಾತ್ರಿ ಕೂಡಿಸುವ ಆಟಗಳು ನಡೆಯುತ್ತವೆ. ಅತಿಥಿ ಕಲಾವಿದರಿಗೆ ಚಪ್ಪಾಳೆ ಜೋರು, ಕಲಾವಿದರಿಗೆ ಮಳೆಗಾಲದ ಸಂಪಾದನೆಯೂ ಆಗುತ್ತದೆ, ಅದು ಬೇಕಾದದ್ದೇ. ಆದರೆ ಅಲ್ಲಿ ಒಬ್ಬೊಬ್ಬರು ತಮ್ಮ ಪಾತ್ರವನ್ನು ಗೆಲ್ಲಿಸುತ್ತಾರೆ, ಪ್ರಸಂಗ ಹಿಂದೆ ಉಳಿಯುತ್ತದೆ. ಒಂದೇ ಮೇಳದಲ್ಲಿ ಆರು ತಿಂಗಳು ಕೂಡಿ ಆಡಿದವರ ‘ಗದಾಯುದ್ಧ’ದಲ್ಲಿ ಎಲ್ಲಿ ಸುಮ್ಮನಿರಬೇಕೆಂದು ಭೀಮನಿಗೆ ಗೊತ್ತಿರುತ್ತದೆ, ಕೌರವನ ದುಃಖ ಬೆಳೆಯುವುದು ಆ ಮೌನದಲ್ಲಿ.

ಕೊನೆಯದಾಗಿ ಒಂದು ಕೋರಿಕೆ. ಬ್ಲ್ಯಾಕ್ ಫ್ಲ್ಯಾಗ್‌ನಂಥ ಬ್ಯಾಂಡಿನಲ್ಲಿ ಯಾವ ವರ್ಷ ಯಾರು ಡ್ರಮ್ಸ್ ಬಾರಿಸಿದರು ಎಂಬುದಕ್ಕೆ ಪುಸ್ತಕಗಳಿವೆ, ಧ್ವನಿಮುದ್ರಿಕೆಗಳಿವೆ. ನಮ್ಮ ಮೇಳಗಳ ವರ್ಷವಾರು ಕಲಾವಿದರ ಪಟ್ಟಿ ಉಳಿದಿರುವುದು ಮುಖ್ಯವಾಗಿ ಕರಪತ್ರಗಳಲ್ಲಿ, ಹಿರಿಯರ ನೆನಪಿನಲ್ಲಿ. ಅಂಥ ಕರಪತ್ರದಲ್ಲೂ ಎರಡನೇ ವೇಷದವರ ಫೋಟೊ ದೊಡ್ಡದು, ಮದ್ದಳೆಯವರ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ, ಕೋಡಂಗಿ ವೇಷದ ಹುಡುಗರ ಹೆಸರು ಇರುವುದೇ ಇಲ್ಲ. ಆಟ ಆಡಿಸುವ ಸಮಿತಿಗಳು ಈ ತಿರುಗಾಟದಿಂದಲೇ ಹಿಮ್ಮೇಳ, ಮುಮ್ಮೇಳ, ವೇಷಭೂಷಣ, ಬೆಳಕಿನವರ ಹೆಸರನ್ನೆಲ್ಲ ಅಚ್ಚು ಹಾಕಿಸಲಿ. ಮೇಳದ ಯಜಮಾನರು ವರ್ಷದ ಪಟ್ಟಿಯ ಒಂದು ಪ್ರತಿಯನ್ನು ತಾಲೂಕಿನ ಗ್ರಂಥಾಲಯಕ್ಕೆ ಕೊಡಲಿ. ಶಿರಾಲಿ, ಮಂಕಿ, ಕರ್ಕಿ, ಮೂರೂರಿನ ಮನೆಗಳ ಅಟ್ಟದಲ್ಲಿ ಹಳೆಯ ಆಟದ ಕರಪತ್ರಗಳಿದ್ದರೆ ಗೆದ್ದಲು ಹಿಡಿಯುವ ಮೊದಲು ಕೆಳಗಿಳಿಸಿ, ಒಂದು ಫೋಟೊ ತೆಗೆದು, ಹಿಂಬದಿಯಲ್ಲಿ ಇಸವಿ ಮತ್ತು ಆಟ ನಡೆದ ಊರನ್ನು ಪೆನ್ಸಿಲಿನಲ್ಲಿ ಬರೆದಿಡಿ.